ಇದ್ದಿಲ ಒಲೆಗೆ ಒಂದು ಮರದ ಮೇಜು



ಮಳೆಗಾಲ ಬಂತೆಂದರೆ ರಸ್ತೆ ಬದಿಯಲ್ಲಿ ಒಂದು ಘಮ ಏಳುತ್ತದೆ. ಕೆಂಡದ ಮೇಲೆ ತೆನೆ ಸುಡುವ ಘಮ. ದಾವಣಗೆರೆ ಕಡೆಯವರು ಅದನ್ನು ಮೆಕ್ಕೆಜೋಳ ಅಂತಾರೆ. ಹಾವೇರಿ ಕಡೆಯವರು ಗೋವಿನಜೋಳ ಅಂತಾರೆ. ಉಪ್ಪು, ಖಾರ, ನಿಂಬೆರಸ ಸವರಿ ಕೊಟ್ಟರೆ ಬೇಡ ಅನ್ನೋರು ಯಾರು?

ತಿನ್ನುವವರಿಗೆ ರುಚಿ. ಸುಡುವವರ ಪಾಡೇನು? ಅದನ್ನು ಅವರ ಸೊಂಟವನ್ನೇ ಕೇಳಬೇಕು.

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಾರೆ. ಅವರ ಮನೆ ರಸ್ತೆ ಪಕ್ಕದಲ್ಲೇ ಇದೆ. ಮನೆ ಮುಂದಿನ ಅಂಗಳದಲ್ಲಿ ಮಣ್ಣಿನ ಇದ್ದಿಲ ಒಲೆ ಇಟ್ಟು ತೆನೆ ಸುಟ್ಟು ಮಾರುತ್ತಾರೆ. ಈ ಒಲೆಗೆ ಕೆಲವು ಕಡೆ ಶೇಗಡಿ ಅಂತಲೂ, ಅಗ್ಗಿಷ್ಟಿಕೆ ಅಂತಲೂ ಹೆಸರುಂಟು.

ಮೊದಲು ಅಕ್ಕ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಸುಡುತ್ತಿದ್ದರು. ಬಗ್ಗಿ ಬಗ್ಗಿ, ಬೀಸಣಿಗೆ ಬೀಸಿ ಬೀಸಿ, ಸಂಜೆ ಹೊತ್ತಿಗೆ ಸೊಂಟ ಹಿಡಿದುಕೊಳ್ಳುತ್ತಿತ್ತು. ರಸ್ತೆಯ ಧೂಳು ತೆನೆಯ ಮೇಲೆ ಕೂರುತ್ತಿತ್ತು. ಕೋಳಿ, ನಾಯಿ, ಮಕ್ಕಳು ಎಲ್ಲರೂ ಒಲೆ ಪಕ್ಕದಲ್ಲೇ ಓಡಾಟ.

"ಎದ್ದು ನಿಂತು ಕೆಲಸ ಮಾಡೋ ಹಾಗಾದ್ರೆ ಎಷ್ಟು ಚೆನ್ನ" ಅಂದುಕೊಂಡರು ಅಕ್ಕ. ಮನೆಯಲ್ಲಿ ಹಳೆಯ ಮರದ ಬೆಂಚು ಇತ್ತು. ಅದರ ಮೇಲೆ ಒಂದು ತಗಡು ಹಾಸಿದರು. ತಗಡಿನ ಮೇಲೆ ಒಲೆ ಇಟ್ಟರು. ಸೊಂಟಕ್ಕೆ ಸುಖ ಸಿಕ್ಕಿತು. ವ್ಯಾಪಾರವೂ ನಡೆಯಿತು.

ಒಂದು ತಿಂಗಳು ಕಳೆಯಿತು. ಒಂದು ಸಂಜೆ ಬೆಂಚಿನ ಹಲಗೆ ಇದ್ದಕ್ಕಿದ್ದಂತೆ ಕುಸಿಯಿತು. ಒಲೆ ವಾಲಿತು. ಕೆಂಡ ಚೆಲ್ಲಿತು. ನಾಲ್ಕು ವರ್ಷದ ಮೊಮ್ಮಗಳು ಎರಡು ಮಾರು ದೂರದಲ್ಲಿ ನಿಂತಿದ್ದಳು. ಪುಣ್ಯಕ್ಕೆ ಮಗುವಿಗೆ ಏನೂ ಆಗಲಿಲ್ಲ. ಅಕ್ಕನ ಪಾದದ ಮೇಲೆ ಎರಡು ಕೆಂಡ ಬಿದ್ದವು. ಹದಿನೈದು ದಿನ ವ್ಯಾಪಾರ ನಿಂತಿತು.

ಕಾಲು ವಾಸಿಯಾದ ಮೇಲೆ ಅಕ್ಕ ತರಗತಿಗೆ ಬಂದರು. ಬಂದವರೇ ಕೇಳಿದರು:

"ಟೀಚರ್, ನಾನು ತಗಡು ಹಾಕಿದ್ದೆ. ಬೆಂಕಿ ಮರಕ್ಕೆ ತಾಗಿರಲೇ ಇಲ್ಲ. ಆದ್ರೂ ಹಲಗೆ ಯಾಕೆ ಸುಟ್ಟಿತು?"

ಒಳ್ಳೆಯ ಪ್ರಶ್ನೆ. ಅವತ್ತಿನ ಪಾಠ ಇದೇ ಆಯಿತು.

ತಗಡು ಯಾಕೆ ಕಾಪಾಡಲಿಲ್ಲ?

ಕುದಿಯುವ ಸಾರಿನಲ್ಲಿ ಸ್ಟೀಲ್ ಸೌಟು ಬಿಟ್ಟು ನೋಡಿ. ಸ್ವಲ್ಪ ಹೊತ್ತಿಗೆ ಹಿಡಿಯೂ ಬಿಸಿಯಾಗುತ್ತದೆ. ಮರದ ಸೌಟು ಬಿಟ್ಟರೆ ಹಿಡಿ ತಣ್ಣಗೇ ಇರುತ್ತದೆ. ಲೋಹ ಬಿಸಿಯನ್ನು ತಡೆಯುವುದಿಲ್ಲ, ಬೇಗ ದಾಟಿಸುತ್ತದೆ. ತಗಡೂ ಲೋಹವೇ. ಮೇಲೆ ಬಿದ್ದ ಕಿಡಿಯನ್ನು ಅದು ತಡೆಯಿತು. ಒಲೆಯ ಬಿಸಿಯನ್ನು ಮಾತ್ರ ಹಾಗೇ ಹಲಗೆಗೆ ಕೊಟ್ಟಿತು.

ನೀರು ಕುದಿಯುವುದು 100 ಡಿಗ್ರಿ ಬಿಸಿಯಲ್ಲಿ. ಮರ ಹೊತ್ತಿಕೊಳ್ಳಲು ಸುಮಾರು 250ರಿಂದ 300 ಡಿಗ್ರಿ ಬೇಕು. ಕೆಂಪಗೆ ಹೊಳೆಯುವ ಕೆಂಡದ ಬಿಸಿ 600 ಡಿಗ್ರಿಗೂ ಹೆಚ್ಚು.

ಇನ್ನೊಂದು ಮಾತು. ಇದ್ದಿಲನ್ನು ಹೇಗೆ ಮಾಡುತ್ತಾರೆ ಗೊತ್ತಲ್ಲ? ಕಟ್ಟಿಗೆ ಒಟ್ಟಿ, ಮಣ್ಣು ಮುಚ್ಚಿ, ಗಾಳಿ ಹೆಚ್ಚು ಸಿಗದಂತೆ ನಿಧಾನವಾಗಿ ಬೇಯಿಸುತ್ತಾರೆ. ಅಕ್ಕನ ಬೆಂಚಿಗೂ ಹೀಗೇ ಆಯಿತು. ತಗಡಿನ ಕೆಳಗೆ ಗಾಳಿಯಾಡದ ಹಲಗೆ ದಿನ ದಿನವೂ ಕಾಯ್ದು ಕಾಯ್ದು ಕರಿಕಾಯಿತು. ಜ್ವಾಲೆ ಇಲ್ಲ, ಹೊಗೆಯೂ ಕಾಣಲಿಲ್ಲ. ಬೆಂಚು ಒಲೆಯ ಕೆಳಗೆ ತಾನೇ ಇದ್ದಿಲಾಗುತ್ತಿತ್ತು!

ಹಾಗಾದರೆ ಉಪಾಯವೇನು? ಒಲೆಗೂ ಮರಕ್ಕೂ ನಡುವೆ ಮೂರು ವಸ್ತು ಇರಬೇಕು. ಒಂದು ಇಟ್ಟಿಗೆ. ಎರಡು ಕಲ್ಲು. ಮೂರು ಗಾಳಿ.

ಇದು ನಮ್ಮ ಊರಿಗೆ ಮಾತ್ರ ಸೇರಿದ ಮಾತಲ್ಲ. ಜಪಾನ್ ದೇಶದಲ್ಲಿ ಕಮಾಡೊ ಎಂಬ ಒಲೆ ಇದೆ. 1945ರಲ್ಲಿ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಸೈನಿಕರು ಅಂಥ ಮಣ್ಣಿನ ಒಲೆಗಳನ್ನು ತಮ್ಮ ದೇಶಕ್ಕೆ ಒಯ್ದರು. ಈಗ ಅಲ್ಲಿ ದೊಡ್ಡ ಮೊಟ್ಟೆಯ ಆಕಾರದ ಪಿಂಗಾಣಿ ಒಲೆ ಮಾಡುತ್ತಾರೆ. ಅದಕ್ಕೂ ಇದ್ದಿಲೇ ಉರುವಲು. ಮನೆಯ ಹೊರಗೆ ಮರದ ಮೇಜು ಮಾಡಿ ಅದರಲ್ಲಿ ಕೂರಿಸುತ್ತಾರೆ. ಅವರೂ ಒಲೆಯನ್ನು ನೇರ ಮರದ ಮೇಲೆ ಇಡಬಾರದು. ಅಡಿಯಲ್ಲಿ ಕಲ್ಲಿನ ಹಲಗೆ ಹಾಕಲೇಬೇಕು. ದೇಶ ಬೇರೆಯಾದರೂ ಬೆಂಕಿಯ ಗುಣ ಒಂದೇ.

ಮೊದಲು ಅಳತೆ

ಅಕ್ಕ ಊರಿನ ಬಡಗಿಯ ಹತ್ತಿರ ಹೋದರು.

"ಆಚಾರ್ರೇ, ಒಲೆ ಇಡೋಕೆ ಒಂದು ಮೇಜು ಮಾಡಿಕೊಡಿ."

"ಆಗಲಿ ಅಕ್ಕ. ಎಲ್ಲ ಮೇಜೂ ಎರಡೂವರೆ ಅಡಿ ಎತ್ತರ. ಅದೇ ಮಾಡ್ಲಾ?"

ಎರಡೂವರೆ ಅಡಿ ಎಂದರೆ 30 ಅಂಗುಲ. ಒಲೆ ಅದರ ಮೇಲೆ ಕೂತರೆ ಏನಾಗುತ್ತದೆ? ಅಕ್ಕನ ಒಲೆ 10 ಅಂಗುಲ ಎತ್ತರ. ಇಟ್ಟಿಗೆ 3 ಅಂಗುಲ, ಕಲ್ಲು 1 ಅಂಗುಲ. ಎಲ್ಲ ಕೂಡಿಸಿ:

30 + 1 + 3 + 10 = 44 ಅಂಗುಲ.

ಅಕ್ಕನ ಎದೆಯ ಮಟ್ಟಕ್ಕೆ ಕೆಂಡ! ಹೊಗೆಯೆಲ್ಲ ಮುಖಕ್ಕೆ. ಕಿಡಿ ಹಾರಿದರೆ ಕಣ್ಣಿಗೆ.

ಅಕ್ಕ ಹಿಂದಿನ ದಿನವೇ ತರಗತಿಯಲ್ಲಿ ಟೇಪು ಹಿಡಿದು ಅಳತೆ ಮಾಡಿ ಬರೆದುಕೊಂಡಿದ್ದರು. ನೆಟ್ಟಗೆ ನಿಂತು ಕೈ ಮಡಚಿದರೆ ಅವರ ಮೊಣಕೈ ನೆಲದಿಂದ 37 ಅಂಗುಲ ಎತ್ತರದಲ್ಲಿದೆ. ತೆನೆ ತಿರುಗಿಸುವ ಜಾಗ ಮೊಣಕೈಗಿಂತ 6-7 ಅಂಗುಲ ಕೆಳಗಿದ್ದರೆ ಭುಜ ನೋಯುವುದಿಲ್ಲ, ಬಗ್ಗುವುದೂ ಬೇಡ.

37 - 7 = 30. ಒಲೆಯ ಬಾಯಿ ನೆಲದಿಂದ 30 ಅಂಗುಲ ಇರಬೇಕು.

30 - 10 - 3 - 1 = 16. ಒಲೆ, ಇಟ್ಟಿಗೆ, ಕಲ್ಲು ಮೂರನ್ನೂ ಕಳೆದರೆ ಉಳಿದದ್ದು 16. ಮರದ ಕಟ್ಟು ಬರೀ 16 ಅಂಗುಲ ಇದ್ದರೆ ಸಾಕು.

ಅಕ್ಕ ಸೆರಗಿನಿಂದ ಚೀಟಿ ತೆಗೆದು ಬಡಗಿಯ ಕೈಗೆ ಕೊಟ್ಟರು. ಬಡಗಿ ಓದಿದರು. ಮತ್ತೆ ಓದಿದರು. "ಸರಿಯಾಗಿದೆ ಅಕ್ಕ. ಹೀಗೆ ಬರೆದು ತಂದ್ರೆ ನನಗೂ ತಲೆನೋವಿಲ್ಲ" ಅಂದರು.

ಚೀಟಿಯಲ್ಲಿ ಇದ್ದದ್ದು

ಮೇಜು ಒಂದೇ, ಭಾಗ ಎರಡು. ಎಡಭಾಗ ತಗ್ಗು, ಅಲ್ಲಿ ಒಲೆ. ಬಲಭಾಗ ಎತ್ತರ, ಅಲ್ಲಿ ತೆನೆ, ಉಪ್ಪು, ಖಾರ, ನಿಂಬೆಹಣ್ಣು.

1. ಒಟ್ಟು ಉದ್ದ 4 ಅಡಿ. ಅಗಲ 2 ಅಡಿ.
2. ಬಲಭಾಗ: ಉದ್ದ 2 ಅಡಿ, ಎತ್ತರ 30 ಅಂಗುಲ. ಮೇಲೆ 1 ಅಂಗುಲ ದಪ್ಪದ ಹಲಗೆ.
3. ಎಡಭಾಗ: ಉದ್ದ 2 ಅಡಿ, ಎತ್ತರ 16 ಅಂಗುಲ. ಹಲಗೆ ಬೇಡ, ಅಡ್ಡಪಟ್ಟಿ ಸಾಕು.
4. ಎತ್ತರದ ಕಾಲು 4. ಒಂದೊಂದೂ 29 ಅಂಗುಲ. ನಡುವೆ ಎರಡು, ಬಲತುದಿಗೆ ಎರಡು.
5. ಗಿಡ್ಡ ಕಾಲು 2. ಒಂದೊಂದೂ 14 ಅಂಗುಲ. ಎಡತುದಿಗೆ.
6. ಉದ್ದಪಟ್ಟಿ 2. ಒಂದೊಂದೂ 4 ಅಡಿ. ಮುಂದೆ ಒಂದು, ಹಿಂದೆ ಒಂದು.
7. ಎಡಭಾಗಕ್ಕೆ ಅಡ್ಡಪಟ್ಟಿ 4. ಒಂದೊಂದೂ 2 ಅಡಿ ಉದ್ದ, 3 ಅಂಗುಲ ಅಗಲ, 2 ಅಂಗುಲ ದಪ್ಪ.

ಗಿಡ್ಡ ಕಾಲು 14, ಅದರ ಮೇಲೆ ಅಡ್ಡಪಟ್ಟಿಯ ದಪ್ಪ 2. ಕೂಡಿದರೆ 16. ಎತ್ತರದ ಕಾಲು 29, ಹಲಗೆಯ ದಪ್ಪ 1. ಕೂಡಿದರೆ 30. ಲೆಕ್ಕ ಸರಿಹೋಯಿತಲ್ಲ?

ನಿಮ್ಮ ಎತ್ತರ ಬೇರೆ, ನಿಮ್ಮ ಒಲೆಯ ಎತ್ತರ ಬೇರೆ. ಆದ್ದರಿಂದ ಈ ಅಂಕಿಗಳನ್ನೇ ನಕಲು ಮಾಡಬೇಡಿ. ನಿಮ್ಮ ಮೊಣಕೈ ಅಳೆಯಿರಿ. ನಿಮ್ಮ ಒಲೆ ಅಳೆಯಿರಿ. ಆಮೇಲೆ ಕಳೆಯುವ ಲೆಕ್ಕ ಮಾಡಿ.

ಯಾವ ಮರ?

ಹೊರಗಿಡುವ ಮೇಜಿಗೆ ಬಿಸಿಲು, ಮಳೆ, ಗೆದ್ದಲು ಮೂರೂ ಶತ್ರುಗಳು. ತೇಗ ಬಹಳ ಬಾಳುತ್ತದೆ, ಬೆಲೆ ಮಾತ್ರ ದುಬಾರಿ. ಜಾಲಿ ಗಟ್ಟಿ ಮರ. ಹಿಂದೆ ಎತ್ತಿನ ಗಾಡಿಯ ಚಕ್ರಕ್ಕೆ ಅದನ್ನೇ ಬಳಸುತ್ತಿದ್ದರು. ಬೇವಿಗೆ ಹುಳು ಬೇಗ ಬೀಳುವುದಿಲ್ಲ. ಹಳೆ ಮನೆ ಕೆಡವಿದಾಗ ಸಿಗುವ ಬಾಗಿಲುವಾಡ, ತೊಲೆಗಳೂ ಆಗುತ್ತವೆ. ಅವು ಚೆನ್ನಾಗಿ ಒಣಗಿರುತ್ತವೆ. ಹಳೆ ಮೊಳೆ ಇದ್ದರೆ ಕಿತ್ತು ತೆಗೆಸಿ.

ಹಸಿ ಮರ ಬೇಡ. ಒಣಗುವಾಗ ಸೊಟ್ಟಗಾಗುತ್ತದೆ, ಬಿರುಕು ಬಿಡುತ್ತದೆ. ಸಾಧಾರಣ ಪ್ಲೈವುಡ್ ಸಹ ಬೇಡ. ಮಳೆ ನೀರಿಗೆ ಉಬ್ಬಿ ಪದರ ಪದರವಾಗಿ ಬಿಡುತ್ತದೆ.

ಜೋಡಿಸುವುದು ಹೇಗೆ?

ಉದ್ದಪಟ್ಟಿಗಳು ಕಾಲಿಗೆ ಸೇರುವಲ್ಲಿ ಕಾಲಿಗೆ ಕಚ್ಚು ಹೊಡೆಸಿ. ಪಟ್ಟಿ ಆ ಕಚ್ಚಿನಲ್ಲಿ ಕೂರಬೇಕು. ಆಮೇಲೆ ಬೋಲ್ಟು ಹಾಕಿ ನಟ್ಟು ಬಿಗಿಯಬೇಕು. ಬರೀ ಮೊಳೆ ಹೊಡೆದರೆ ಭಾರಕ್ಕೆ ಸಡಿಲವಾಗುತ್ತದೆ. ಭಾರ ಅಂದರೆ ಎಷ್ಟು? ಕಲ್ಲು, ಇಟ್ಟಿಗೆ, ಒಲೆ ಸೇರಿದರೆ 40 ಕೆ.ಜಿ. ಆಗುತ್ತದೆ.

ಬಲಗಡೆ ಎತ್ತರದ ಕಾಲುಗಳ ತಲೆಯನ್ನೂ ಪಟ್ಟಿಗಳಿಂದ ಸೇರಿಸಿ. ಅದರ ಮೇಲೆ ಹಲಗೆ ಕೂರಿಸಿ. ಹಲಗೆ ಹಲಗೆಗೂ ನಡುವೆ ಕಾಲು ಅಂಗುಲ ಸಂದಿ ಬಿಡಿ. ಮಳೆ ನೀರು ಇಳಿದುಹೋಗುತ್ತದೆ.

ಚೌಕ ಸರಿಯಾಗಿದೆಯೇ ಎಂದು ನೀವೇ ನೋಡಬಹುದು. ಒಂದು ಹಗ್ಗ ತನ್ನಿ. ಈ ಮೂಲೆಯಿಂದ ಎದುರು ಮೂಲೆಗೆ ಅಡ್ಡಲಾಗಿ ಹಿಡಿಯಿರಿ. ಆಮೇಲೆ ಉಳಿದೆರಡು ಮೂಲೆಗೆ ಹಿಡಿಯಿರಿ. ಎರಡು ಸಲವೂ ಹಗ್ಗದ ಅಳತೆ ಒಂದೇ ಬಂದರೆ ಚೌಕ ಸರಿ. ಹೆಚ್ಚುಕಡಿಮೆ ಬಂದರೆ ಮೇಜು ಸೊಟ್ಟ.

ಕಲ್ಲು, ಇಟ್ಟಿಗೆ, ಗಾಳಿ

ಎಡಭಾಗದ ಅಡ್ಡಪಟ್ಟಿಗಳ ಮೇಲೆ 2 ಅಡಿಗೆ 2 ಅಡಿಯ ಕಲ್ಲು ಹಾಸಿ. ಕಡಪ ಕಲ್ಲು ಆಗುತ್ತದೆ, ಶಹಾಬಾದ್ ಕಲ್ಲೂ ಆಗುತ್ತದೆ. ಕಲ್ಲು ಎಡಭಾಗವನ್ನು ಪೂರ್ತಿ ಮುಚ್ಚಬೇಕು. ಆಗ ಕೆಂಡ ಬಿದ್ದರೂ ಕಲ್ಲಿನ ಮೇಲೆ ಬೀಳುತ್ತದೆ, ಮರದ ಮೇಲೆ ಬೀಳುವುದಿಲ್ಲ. ಕಲ್ಲು ಭಾರ, ಇಬ್ಬರು ಹಿಡಿದು ಇಡಿ.

ಕಲ್ಲಿನ ಮೇಲೆ 4 ಇಟ್ಟಿಗೆ ಮಲಗಿಸಿ. ಎರಡು ಸಾಲು ಮಾಡಿ. ಸಾಲುಗಳ ನಡುವೆ ಸಂದಿ ಬಿಡಿ. ಆ ಸಂದಿಯಲ್ಲಿ ಗಾಳಿ ಈ ಕಡೆಯಿಂದ ಆ ಕಡೆಗೆ ಹಾಯಬೇಕು. ಗಾಳಿ ಹಾಯುತ್ತಾ ಬಿಸಿಯನ್ನು ಹೊತ್ತೊಯ್ಯುತ್ತದೆ. ಇಟ್ಟಿಗೆಯ ಮೇಲೆ ಒಲೆ ಇಡಿ. ಒಲೆ ಅಲುಗಬಾರದು.

ಒಲೆ ಕಲ್ಲಿನ ನಟ್ಟನಡುವೆ ಇರಲಿ. ಬಲಭಾಗದ ಹಲಗೆಗೂ ಒಲೆಗೂ 6 ಅಂಗುಲ ದೂರ ಇರಲೇಬೇಕು. ಆ ಕಡೆ ಮರಕ್ಕೆ ಒಂದು ತಗಡು ಹೊಡೆಸಿ. "ತಗಡು ಬಿಸಿ ದಾಟಿಸುತ್ತೆ ಅಂದ್ರಲ್ಲ ಟೀಚರ್?" ಎಂದು ಕೇಳುತ್ತೀರಿ. ಹೌದು. ಅದಕ್ಕೇ ತಗಡು ಮರಕ್ಕೆ ಅಂಟಿರಬಾರದು. ಮೊಳೆಗೆ ಎರಡೆರಡು ಹಳೆ ನಟ್ಟು ಪೋಣಿಸಿ ಹೊಡೆಯಿರಿ. ತಗಡಿಗೂ ಮರಕ್ಕೂ ನಡುವೆ ಅರ್ಧ ಅಂಗುಲ ಗಾಳಿ ಉಳಿಯುತ್ತದೆ. ಈಗ ತಗಡು ಕಾಪಾಡುತ್ತದೆ.

ಕೈಯಿಂದ ಪರೀಕ್ಷೆ

ಮೇಜು ಬಂದ ದಿನವೇ ವ್ಯಾಪಾರಕ್ಕೆ ಇಳಿಯಬೇಡಿ. ಒಂದು ಗಂಟೆ ಚೆನ್ನಾಗಿ ಕೆಂಡ ಮಾಡಿ. ಆಮೇಲೆ ಕೆಳಗಿನಿಂದ ಅಡ್ಡಪಟ್ಟಿಯನ್ನು ಮುಟ್ಟಿ ನೋಡಿ. ತಣ್ಣಗಿದ್ದರೆ ಅಥವಾ ಉಗುರು ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಬಿಸಿಯಿದ್ದರೆ ಒಲೆ ಆರಿಸಿ, ಇನ್ನೊಂದು ವರಸೆ ಇಟ್ಟಿಗೆ ಹಾಕಿ. ಆಮೇಲೂ ವಾರಕ್ಕೊಮ್ಮೆ ಕಲ್ಲಿನ ಕೆಳಗೆ ನೋಡುತ್ತಿರಿ. ಮರ ಕಂದು ಬಣ್ಣಕ್ಕೆ ತಿರುಗಿದರೆ ಅದು ಎಚ್ಚರಿಕೆ.

ಮೇಜು ಬಾಳಬೇಕಾದರೆ

ಕಾಲುಗಳ ಅಡಿಗೆ ಚಪ್ಪಟೆ ಕಲ್ಲು ಕೊಡಿ. ಒದ್ದೆ ಮಣ್ಣಿನಲ್ಲಿ ನಿಂತ ಕಾಲು ಬೇಗ ಕೊಳೆಯುತ್ತದೆ, ಗೆದ್ದಲೂ ಹತ್ತುತ್ತದೆ.

ಬಲಭಾಗಕ್ಕೂ ಕಾಲುಗಳಿಗೂ ವರ್ಷಕ್ಕೊಮ್ಮೆ ಅಗಸೆ ಎಣ್ಣೆ ಹಚ್ಚಬಹುದು. ಎಣ್ಣೆ ಪೂರ್ತಿ ಒಣಗುವವರೆಗೆ ಒಲೆ ಹಚ್ಚಬೇಡಿ. ಇಲ್ಲೊಂದು ಮುಖ್ಯ ಮಾತು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ಒಳಗೊಳಗೇ ಬಿಸಿಯಾಗಿ, ಕಡ್ಡಿ ಗೀರದಿದ್ದರೂ ಹೊತ್ತಿಕೊಳ್ಳಬಹುದು. ಬಟ್ಟೆಯನ್ನು ಬಯಲಲ್ಲಿ ಹರವಿ ಒಣಗಿಸಿ.

ಮರೆಯಬಾರದ ಮಾತುಗಳು

1. ಮೇಜು ಬಯಲಲ್ಲೇ ಇರಲಿ. ಮೇಲೆ ಹುಲ್ಲಿನ ಚಪ್ಪರ, ತೆಂಗಿನ ಗರಿ, ಪ್ಲಾಸ್ಟಿಕ್ ಹೊದಿಕೆ ಇರಕೂಡದು.

2. ಕೆಂಡ ಇರುವ ಒಲೆಯನ್ನು ಮನೆಯೊಳಗೆ ಒಯ್ಯಬೇಡಿ. ಚಳಿ ಅಂತ ಕೋಣೆಯಲ್ಲಿಟ್ಟು ಬಾಗಿಲು ಹಾಕಿ ಮಲಗಲೇಬೇಡಿ. ಇದ್ದಿಲು ಉರಿದಾಗ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಮಲಗಿದಲ್ಲೇ ಸಾಯುತ್ತಾರೆ.

3. ಇದ್ದಿಲ ಚೀಲ, ಒಣಗಿದ ಸಿಪ್ಪೆಗಳನ್ನು ಮೇಜಿನ ಕೆಳಗೆ ಇಡಬೇಡಿ. ಅಲ್ಲಿ ಒಂದು ಬಕೆಟ್ ಮರಳು, ಒಂದು ಕೊಡ ನೀರು ಇರಲಿ.

4. ಹೊತ್ತಿಸಲು ಪೆಟ್ರೋಲ್ ಸುರಿಯಬೇಡಿ. ತೆಂಗಿನ ನಾರು, ಸಣ್ಣ ಚಕ್ಕೆ ಸಾಕು. ಸೆರಗನ್ನು ಸೊಂಟಕ್ಕೆ ಬಿಗಿದು ಸಿಕ್ಕಿಸಿ.

5. ಬೂದಿಯೊಳಗಿನ ಕೆಂಡ ಮರುದಿನದವರೆಗೂ ಜೀವ ಹಿಡಿದಿರಬಹುದು. ಬೂದಿಯನ್ನು ಮುಚ್ಚಳವಿರುವ ಕಬ್ಬಿಣದ ಡಬ್ಬಿಗೆ ಹಾಕಿ. ಪ್ಲಾಸ್ಟಿಕ್ ಬುಟ್ಟಿಗೆ, ತಿಪ್ಪೆಗೆ ಹಾಕಬೇಡಿ. ಕಾದ ಮಣ್ಣಿನ ಒಲೆಗೆ ನೀರು ಸುರಿದರೆ ಒಲೆ ಸೀಳುತ್ತದೆ.

6. ಸುಟ್ಟ ಗಾಯವಾದರೆ ತಕ್ಷಣ ತಣ್ಣೀರು ಹರಿಸಿ. 20 ನಿಮಿಷ ಹರಿಸಿ. ಶಾಯಿ, ಹಿಟ್ಟು, ಟೂತ್‌ಪೇಸ್ಟ್ ಹಚ್ಚಬೇಡಿ. ಗಾಯ ದೊಡ್ಡದಿದ್ದರೆ, ಬೊಬ್ಬೆ ಬಂದರೆ, ಮಗುವಿಗೆ ಸುಟ್ಟಿದ್ದರೆ ಆಸ್ಪತ್ರೆಗೆ ಹೋಗಿ.

ಅಕ್ಕನ ಮೇಜು

ಈಗ ಅಕ್ಕ ನಿಂತೇ ತೆನೆ ಸುಡುತ್ತಾರೆ. ಸೊಂಟ ಹಿಡಿದುಕೊಳ್ಳುವುದು ಕಡಿಮೆಯಾಗಿದೆ. ತೆನೆಗೆ ನೆಲದ ಧೂಳಿಲ್ಲ. ಮೊಮ್ಮಗಳಿಗಾಗಿ ಒಲೆಯಿಂದ ಮೂರು ಹೆಜ್ಜೆ ದೂರ ಸುಣ್ಣದಲ್ಲಿ ಒಂದು ಗೆರೆ ಎಳೆದಿದ್ದಾರೆ. "ಇದರಾಚೆ ಬರಬಾರದು" ಎಂದು ಕಲಿಸಿದ್ದಾರೆ.

ಮೊನ್ನೆ ನಾನು ಆ ದಾರಿಯಲ್ಲಿ ಹೋಗುತ್ತಿದ್ದೆ. ಅಕ್ಕ ಕರೆದು ಒಂದು ತೆನೆ ಕೊಟ್ಟರು. ಆಮೇಲೆ ಬಗ್ಗಿ, ಕಲ್ಲಿನ ಅಡಿಗೆ ಕೈ ಹಾಕಿ ಮುಟ್ಟಿ ನೋಡಿದರು.

"ತಣ್ಣಗಿದೆ ಟೀಚರ್" ಅಂದರು.

ಹೇಳಿ ನೋಡೋಣ

1. ತಗಡು ಹಾಸಿದ್ದರೂ ಅಕ್ಕನ ಬೆಂಚು ಯಾಕೆ ಸುಟ್ಟಿತು?
2. ಒಲೆಗೂ ಮರಕ್ಕೂ ನಡುವೆ ಇರಬೇಕಾದ ಮೂರು ವಸ್ತು ಯಾವುವು?
3. ಕೆಂಡದ ಒಲೆಯನ್ನು ಮುಚ್ಚಿದ ಕೋಣೆಯಲ್ಲಿ ಯಾಕೆ ಇಡಬಾರದು?

ಮಾಡಿ ನೋಡೋಣ

ನಿಮ್ಮ ಮೊಣಕೈ ನೆಲದಿಂದ ಎಷ್ಟು ಅಂಗುಲ? ನಿಮ್ಮ ಮನೆಯ ಒಲೆ ಎಷ್ಟು ಅಂಗುಲ? ಟೇಪು ಹಿಡಿದು ಅಳೆಯಿರಿ. ಬಡಗಿಗೆ ಕೊಡುವ ಚೀಟಿಯನ್ನು ನಿಮ್ಮ ಕೈಯಾರೆ ಬರೆಯಿರಿ.